ಕೊಳಬಕಗಳ ಗುಂಪಿನಲ್ಲೊಬ್ಬ ಆಗಂತುಕ

ಹುಬ್ಬಳ್ಳಿ-ಧಾರವಾಡ ಅವಳಿನಗರದ ಕೆರೆಗಳಲ್ಲಿ ದಿನವೂ ಕಾಣುವ ಸಣ್ಣ ಬಕದ ಪಕ್ಕದಲ್ಲೇ ದೂರದೇಶದ ಅದರ ದಾಯಾದಿ ನಿಂತಿದ್ದರೆ ಗುರುತು ಹಿಡಿಯುವುದು ಹೇಗೆ? ಉತ್ತರಕ್ಕೆ ದುಬಾರಿ ಕ್ಯಾಮೆರಾಕ್ಕಿಂತ ಏಪ್ರಿಲ್-ಮೇ ತಿಂಗಳ ತಾಳ್ಮೆ ಹೆಚ್ಚು ಬೇಕು.

ಉಣಕಲ್ ಕೆರೆಯ ದಂಡೆಯ ಮೇಲೆ ಬೆಳಗಿನ ವಾಕಿಂಗ್ ಹೋಗುವವರಲ್ಲಿ ಕೊಳಬಕವನ್ನು ಕಾಣದವರಿಲ್ಲ. ಕಂಡೆ ಎಂದು ಮನೆಗೆ ಬಂದು ಹೇಳುವವರೂ ಇಲ್ಲ. ಮಣ್ಣುಬಣ್ಣದ ಬೆನ್ನು, ಎದೆತುಂಬ ಕಂದು ಗೀರು, ಕುತ್ತಿಗೆಯನ್ನು ಹೆಗಲೊಳಗೆ ಎಳೆದುಕೊಂಡು ನಿಲ್ಲುವ ಠೀವಿಯಿಲ್ಲದ ಭಂಗಿ. ಹತ್ತಿರ ಹೋದರೆ ಕರ್ಕಶವಾಗಿ ಕೂಗಿ ಹಾರುತ್ತದೆ. ಆಗ ಮಾತ್ರ ಅಲ್ಲಿಯವರೆಗೆ ಮಡಚಿಟ್ಟಿದ್ದ ಅಚ್ಚಬಿಳಿ ರೆಕ್ಕೆ ಬಿಚ್ಚಿಕೊಂಡು, ಇದೇನು ಬೆಳ್ಳಕ್ಕಿಯೇ ಎನ್ನಿಸುತ್ತದೆ. ನಾಲ್ಕು ಮಾರು ಆಚೆ ಇಳಿದು ರೆಕ್ಕೆ ಮುಚ್ಚಿದರೆ ಮತ್ತೆ ಕೆಸರಿನಲ್ಲಿ ಕರಗಿ ಹೋಗುತ್ತದೆ. ಕೆಲಗೇರಿ, ಸಾಧನಕೇರಿ, ನುಗ್ಗಿಕೇರಿ, ತೋಳನಕೆರೆ ಎಲ್ಲ ಕಡೆಯೂ ಇದೇ ಕಥೆ.

ಇಷ್ಟು ಪರಿಚಿತವಾದ ಹಕ್ಕಿಯ ಬಗ್ಗೆ ಹೆಚ್ಚಿನವರಿಗೆ ಗೊತ್ತಿರದ ಒಂದು ಸಂಗತಿಯಿದೆ. ಏಷ್ಯಾದಲ್ಲಿ ಇದಕ್ಕೆ ಮೂವರು ದಾಯಾದಿಗಳಿದ್ದಾರೆ. ಒಂದು ಚೀನಾದಲ್ಲಿ ಮರಿ ಮಾಡಿ ಆಗ್ನೇಯ ಏಷ್ಯಾದಲ್ಲಿ ಚಳಿಗಾಲ ಕಳೆಯುವ ಚೀನೀ ಕೊಳಬಕ. ಇನ್ನೊಂದು ಜಾವಾ ಕಡೆಯ ಕೊಳಬಕ. ಮತ್ತೊಂದು ದಕ್ಷಿಣ ಯುರೋಪು, ಪಶ್ಚಿಮ ಏಷ್ಯಾಗಳಲ್ಲಿ ಗೂಡು ಕಟ್ಟಿ, ಸಹಾರಾ ಮರುಭೂಮಿ ದಾಟಿ ಆಫ್ರಿಕಾದಲ್ಲಿ ಚಳಿಗಾಲ ಕಳೆಯುವ ಸ್ಕ್ವಾಕೊ ಬಕ. ಎಲ್ಲವೂ ಒಂದೂವರೆ ಅಡಿ ಉದ್ದದ ಆಸುಪಾಸಿನವು. ಡಿಸೆಂಬರಿನಲ್ಲಿ ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಪಳಗಿದ ವೀಕ್ಷಕರೂ ತಡವರಿಸುತ್ತಾರೆ: ಅದೇ ಕಂದು, ಅದೇ ಗೀರು, ಅದೇ ಬಿಳಿ ರೆಕ್ಕೆ.

ಹಾಗಾದರೆ ಇಪ್ಪತ್ತು ಕೊಳಬಕಗಳಿರುವ ನಮ್ಮೂರ ಕೆರೆಯಲ್ಲಿ ಇಪ್ಪತ್ತೊಂದನೆಯದಾಗಿ ಚೀನಾದ ಹಕ್ಕಿಯೊಂದು ಬಂದು ನಿಂತರೆ ಅದು ಬಚ್ಚಿಟ್ಟುಕೊಳ್ಳಬೇಕಾದ ಅಗತ್ಯವೇ ಇಲ್ಲ. ನವಿಲಿನಷ್ಟು ಎದ್ದು ಕಾಣುವ ಹಕ್ಕಿ ದಾರಿ ತಪ್ಪಿ ಬಂದರೆ ಮರುದಿನವೇ ಸುದ್ದಿಯಾಗುತ್ತದೆ. ಸಣ್ಣ ಬಕದ ವಿಷಯ ಬೇರೆ. ಅದು ಎಷ್ಟು ಅಪರೂಪ ಎಂಬುದನ್ನು ಹಕ್ಕಿಯ ಸಂಖ್ಯೆಯ ಜೊತೆಗೆ ಯಾರು ನೋಡಿದರು, ಯಾವ ತಿಂಗಳಲ್ಲಿ ನೋಡಿದರು ಎಂಬುದೂ ತೀರ್ಮಾನಿಸುತ್ತದೆ.

ಧಾರವಾಡ ಸೀಮೆಯ ಸರ್ವೆ, ಬಕಕ್ಕೊಂದು ಹೆಸರು

ನಮ್ಮ ಕೊಳಬಕ ವಿಜ್ಞಾನದ ಪುಸ್ತಕ ಸೇರಿದ ಕಥೆಗೆ ಈ ಸೀಮೆಯ ನಂಟಿದೆ. ಪೇಶ್ವೆಗಳ ಆಳ್ವಿಕೆ ಮುಗಿದು ದಖ್ಖನ್ ಪ್ರದೇಶ ಕಂಪನಿ ಸರ್ಕಾರದ ಕೈಗೆ ಬಂದ ಮೇಲೆ ಅಲ್ಲಿನ ಜನ, ಜಮೀನು, ಬೆಳೆಗಳ ಲೆಕ್ಕ ತೆಗೆಯಲು ಮುಂಬಯಿ ಸರ್ಕಾರ 1824ರಲ್ಲಿ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೈನ್ಯಾಧಿಕಾರಿಯನ್ನು ನೇಮಿಸಿತು. ಪುಣೆ, ಅಹಮದ್‌ನಗರ, ಖಾನದೇಶ, ಧಾರವಾಡ ಈ ನಾಲ್ಕು ಕಲೆಕ್ಟರೇಟುಗಳು ಅವನ ವರದಿಯ ವ್ಯಾಪ್ತಿ. ಕಂದಾಯದ ಲೆಕ್ಕ ಬರೆಯುತ್ತಲೇ ಸೈಕ್ಸ್ ಹಕ್ಕಿ, ಮೀನು, ಪ್ರಾಣಿಗಳನ್ನೂ ಕಲೆಹಾಕಿದ. 1832ರಲ್ಲಿ ಲಂಡನ್ನಿನ ಝುವಾಲಾಜಿಕಲ್ ಸೊಸೈಟಿಯ ನಡಾವಳಿಯಲ್ಲಿ ದಖ್ಖನ್ನಿನ ಹಕ್ಕಿಗಳ ಪಟ್ಟಿ ಪ್ರಕಟಿಸಿದ. ಕೊಳಬಕಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು ಆ ಪಟ್ಟಿಯಲ್ಲಿ. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಗೌರವಾರ್ಥ ಅದು ಇಂದಿಗೂ ‘ಆರ್ಡಿಯೋಲಾ ಗ್ರೇಯಿ’.

ದಾಯಾದಿಗಳ ಪೈಕಿ ಸ್ಕ್ವಾಕೊ ಬಕವನ್ನು 1769ರಲ್ಲಿ ಸ್ಕೊಪೊಲಿ ವಿವರಿಸಿದ್ದ. ಜಾವಾದ ಬಕ 1821ರಲ್ಲಿ ಹಾರ್ಸ್‌ಫೀಲ್ಡನಿಂದ ಹೆಸರು ಪಡೆಯಿತು. ಚೀನೀ ಬಕವನ್ನು ಬೇರೆ ಜಾತಿ ಎಂದು ಬರೆದವನು ನೆಪೋಲಿಯನ್ ಚಕ್ರವರ್ತಿಯ ಸಹೋದರಪುತ್ರ ಚಾರ್ಲ್ಸ್ ಲೂಸಿಯನ್ ಬೋನಾಪಾರ್ಟ್, 1855ರಲ್ಲಿ. ನಾಲ್ಕು ಹಕ್ಕಿಗಳನ್ನು ಒಂದರಿಂದೊಂದು ಬಿಡಿಸಿ ಬರೆಯಲು 86 ವರ್ಷ ಹಿಡಿದವು. ಅದೂ ಕೈಯಲ್ಲಿ ಚರ್ಮ, ಗರಿ ಹಿಡಿದುಕೊಂಡು ನೋಡಿದವರಿಗೆ. ಕೆರೆಯ ಈಚೆ ದಂಡೆಯಿಂದ ಆಚೆ ದಂಡೆಯ ಹಕ್ಕಿಯನ್ನು ಗುರುತಿಸಲು ಹೊರಟವರ ಪಾಡು ಇನ್ನೂ ಕಷ್ಟದ್ದು.

ಬಣ್ಣ ಬರುವ ಕಾಲ

ಈ ಕಷ್ಟಕ್ಕೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಬಿಡುವು. ಬೇಸಿಗೆ ಏರುತ್ತಿದ್ದಂತೆ, ಮುಂಗಾರಿಗೆ ಮುಂಚೆ, ಕೊಳಬಕಗಳು ಸಂತಾನಕಾಲದ ಗರಿ ತೊಡುತ್ತವೆ. ನಮ್ಮ ಊರಿನ ಹಕ್ಕಿಗೆ ತಲೆ, ಕುತ್ತಿಗೆ ಕೆನೆ ಬೆರೆತ ತಿಳಿಹಳದಿಯಾಗುತ್ತದೆ. ಬೆನ್ನಿನ ಮೇಲೆ ಕಡುಗೆಂಪಿನ ಉದ್ದ ಗರಿಗಳು ಇಳಿಬೀಳುತ್ತವೆ. ನೆತ್ತಿಯ ಹಿಂದೆ ಬಿಳಿ ಎಳೆಗಳು ತೂಗುತ್ತವೆ. ಕೊಕ್ಕಿನ ಬುಡ ನೀಲಿಗೆ ತಿರುಗುತ್ತದೆ. ಕೆಲವಕ್ಕೆ ಕಾಲೂ ಕೆಂಪಾಗುವುದುಂಟು. ಮಾರ್ಚಿನಲ್ಲಿ ಕಂಡ ಹಕ್ಕಿಯೇ ಮೇ ತಿಂಗಳಲ್ಲೂ ಎದುರಿಗಿದ್ದರೆ, ಇದು ಬೇರೆಯದೇ ಎಂದು ಪಂದ್ಯ ಕಟ್ಟುವವರಿದ್ದಾರೆ.

ಅದೇ ಹೊತ್ತಿಗೆ ಚೀನೀ ಕೊಳಬಕದ ತಲೆ, ಕುತ್ತಿಗೆ, ಎದೆ ಕಡುಗೆಂಪಾಗುತ್ತವೆ, ಬೆನ್ನು ಕಪ್ಪಗಾಗುತ್ತದೆ. ಅಂದರೆ ನಮ್ಮದಕ್ಕೆ ಬೆನ್ನು ಕೆಂಪು, ಅದಕ್ಕೆ ಕುತ್ತಿಗೆ ಕೆಂಪು. ಜಾವಾದ ಹಕ್ಕಿಗೆ ತಲೆ ತಿಳಿಹಳದಿ, ಎದೆ ದಾಲ್ಚಿನ್ನಿ ಬಣ್ಣ, ಬೆನ್ನು ಕಪ್ಪು. ಸ್ಕ್ವಾಕೊ ಬಕದ ಮೈಯೆಲ್ಲ ಹೊಂಬಣ್ಣದ ಕಂದು. ನೆತ್ತಿಯಿಂದ ಬೆನ್ನಿನವರೆಗೆ ಕಪ್ಪು ಅಂಚಿನ ಬಿಳಿ ಜುಟ್ಟು. ಏಪ್ರಿಲ್ ಕೊನೆಯಿಂದ ಮೇ ನಡುವೆ ಈ ನಾಲ್ಕನ್ನೂ ಬಿಡಿಸಿ ಹೇಳಲು ತಜ್ಞರೇ ಬೇಕೆಂದಿಲ್ಲ. ಪುಸ್ತಕದ ಚಿತ್ರ ನೋಡಿಕೊಂಡ ಹೈಸ್ಕೂಲು ಹುಡುಗಿಯೂ ಹೇಳಬಲ್ಲಳು.

ಚಳಿಗಾಲದಲ್ಲಿ ಬೇರ್ಪಡಿಸುವ ಯತ್ನಗಳು ನಡೆದಿಲ್ಲವೆಂದಲ್ಲ. ಚೀನೀ ಬಕದ ರೆಕ್ಕೆಯ ಹೊರಗರಿಗಳ ತುದಿಯಲ್ಲಿ ಮಬ್ಬುಗಪ್ಪು ಇರುತ್ತದೆ ಎಂಬುದು ಒಂದು ಗುರುತು. ಆದರೆ ಎಳೆಯ ಹಕ್ಕಿಗಳಲ್ಲಿ ಈ ಗುರುತು ಕೈಕೊಡುತ್ತದೆ. ಜೊತೆಗೆ ಈ ಗುಂಪಿನ ಹಕ್ಕಿಗಳು ತಮ್ಮೊಳಗೆ ಬೆರೆತು ಮಿಶ್ರ ಮರಿಗಳೂ ಹುಟ್ಟುತ್ತವೆ. ನಮ್ಮ ಕೊಳಬಕಗಳಲ್ಲೇ ಕುತ್ತಿಗೆಗೆ ಕೆಂಪು ಛಾಯೆ ಬರುವ ಕೆಲವು ಹಕ್ಕಿಗಳಿದ್ದು, ಅವಸರದ ವೀಕ್ಷಕರನ್ನು ಮೋಸಗೊಳಿಸುತ್ತವೆ. ಹಾಗಾಗಿ ಕುತ್ತಿಗೆಯೊಂದನ್ನೇ ನೋಡಿ ತೀರ್ಪು ಕೊಡುವಂತಿಲ್ಲ. ಬೆನ್ನು ಕಪ್ಪಿದೆಯೇ ಎಂಬುದನ್ನೂ ನೋಡಬೇಕು.

ಚೀನೀ ಕೊಳಬಕ ಭಾರತಕ್ಕೆ ಹೊಸದಲ್ಲ. ಈಶಾನ್ಯ ರಾಜ್ಯಗಳಲ್ಲಿ, ಅಂಡಮಾನ್‌ ನಿಕೋಬಾರ್ ದ್ವೀಪಗಳಲ್ಲಿ ಅದು ಕಾಣುತ್ತದೆ. ದಖ್ಖನ್ ಒಳನಾಡಿನಲ್ಲಿ ಮಾತ್ರ ಅದು ಆಗಂತುಕ. ಅದರ ಅಲೆದಾಟದ ಹರವು ಬೆರಗು ಹುಟ್ಟಿಸುವಂಥದು: 1990ರ ದಶಕದಲ್ಲಿ ಒಂದು ಹಕ್ಕಿ ಬೇರಿಂಗ್ ಸಮುದ್ರದ ನಡುವಿನ ಅಲಾಸ್ಕಾದ ಸೇಂಟ್ ಪಾಲ್ ದ್ವೀಪದಲ್ಲಿ ಇಳಿದಿತ್ತು. 2014ರಲ್ಲಿ ಇನ್ನೊಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಕಾಣಿಸಿಕೊಂಡಾಗ, ಇದು ತಾನಾಗಿ ಬಂದದ್ದೋ ಪಂಜರದಿಂದ ತಪ್ಪಿಸಿಕೊಂಡದ್ದೋ ಎಂಬ ಚರ್ಚೆಯೇ ಬಹಳ ಕಾಲ ನಡೆಯಿತು.

ದಾರಿ ತಪ್ಪುವುದು ಏಕೆ?

ಪ್ರತಿ ಚಳಿಗಾಲ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹುಬ್ಬಳ್ಳಿ-ಧಾರವಾಡದಿಂದ ಜನ ಹೋಗುತ್ತಾರೆ. ಅವು ಹಿಮಾಲಯದ ಆಚೆಯಿಂದ ಬಂದರೂ ಆಗಂತುಕರಲ್ಲ. ಅವುಗಳ ದಾರಿ, ತಿಂಗಳು, ತಂಗುದಾಣ ಎಲ್ಲವೂ ನಿಗದಿ. ಆಗಂತುಕ ಎಂದರೆ ತನ್ನ ಜಾತಿಯ ವಾಡಿಕೆಯ ನಕ್ಷೆಯಿಂದ ಹೊರಬಿದ್ದ ಹಕ್ಕಿ.

ಹಾಗೆ ಹೊರಬೀಳಲು ಕಾರಣಗಳು ಹಲವು. ಬಕಗಳ ಕುಟುಂಬದಲ್ಲಿ ದೊಡ್ಡ ಕಾರಣ ಎಳೆಯ ಹಕ್ಕಿಗಳ ಚೆದುರುವಿಕೆ. ಗೂಡು ಬಿಟ್ಟ ಮರಿಗಳು ತಂದೆತಾಯಿಯ ವಲಸೆ ದಾರಿ ಹಿಡಿಯುವ ಮೊದಲೇ ಹೊಸ ನೀರು, ಹೊಸ ಮೀನು ಹುಡುಕುತ್ತ ಎಲ್ಲ ದಿಕ್ಕಿಗೂ ಹೊರಡುತ್ತವೆ. ಗೂಡಿನ ಬಳಿಯ ಕೆರೆಯಲ್ಲಿ ಒಮ್ಮೆಲೇ ನೂರಾರು ಬಾಯಿ ಹೆಚ್ಚಾದಾಗ ಅಲ್ಲೇ ಉಳಿದು ಬದುಕುವುದು ಕಷ್ಟ. ಬಹಳಷ್ಟು ಮರಿಗಳು ಹತ್ತಿರದಲ್ಲೇ ನೆಲೆ ಕಂಡುಕೊಳ್ಳುತ್ತವೆ, ಕೆಲವು ನೂರಾರು ಕಿಲೋಮೀಟರ್ ಹೋಗಿಬಿಡುತ್ತವೆ.

ಎರಡನೆಯದು ಗುರಿ ಮೀರುವುದು. ಆಫ್ರಿಕಾದಿಂದ ಮೆಡಿಟರೇನಿಯನ್ ಕಡೆಗೆ ಹೊರಟ ಸ್ಕ್ವಾಕೊ ಬಕ, ವಸಂತದಲ್ಲಿ ಹಿಂಗಾಳಿ ಸಿಕ್ಕಿತೆಂದು ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಸಾಗಿ ಬ್ರಿಟನ್ನಿನ ಜೌಗಿಗೆ ಹೋಗಿ ಬೀಳುತ್ತದೆ. ಅಲ್ಲಿನ ಸ್ಕ್ವಾಕೊ ದಾಖಲೆಗಳಲ್ಲಿ ಇಂಥವು ಬಹಳ. ಮೂರನೆಯದು ದಿಕ್ಕಿನ ಅರಿವು ತಿರುಗುಮುರುಗಾಗುವುದು. ಎಳೆಯ ಹಕ್ಕಿಯ ಹುಟ್ಟುಗುಣದಲ್ಲಿರುವ ದಿಕ್ಸೂಚಿ ತಪ್ಪಿದರೆ ದಕ್ಷಿಣಕ್ಕೆ ಹೋಗಬೇಕಾದದ್ದು ಅಷ್ಟೇ ನಿಷ್ಠೆಯಿಂದ ಉತ್ತರಕ್ಕೆ ಹಾರುತ್ತದೆ. ನಾಲ್ಕನೆಯದು ಬಿರುಗಾಳಿ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದ ಮೇಲೆ ಕಡಲಹಕ್ಕಿಗಳು ಘಟ್ಟ ದಾಟಿ ಒಳನಾಡಿನ ನೀರಿನಲ್ಲಿ ಸಿಕ್ಕುವುದು ವೀಕ್ಷಕರಿಗೆ ಗೊತ್ತಿರುವ ಮಾತು.

ಇತ್ತೀಚೆಗೆ ಇನ್ನೊಂದು ಕಾರಣವೂ ಲೆಕ್ಕಕ್ಕೆ ಬಂದಿದೆ. ಉತ್ತರ ಅಮೆರಿಕದಲ್ಲಿ 1960ರಿಂದ 2019ರವರೆಗೆ ಬಲೆಗೆ ಬಿದ್ದು ಉಂಗುರ ತೊಡಿಸಿಕೊಂಡ 152 ಜಾತಿಯ ನೆಲಹಕ್ಕಿಗಳ ದಾಖಲೆಯನ್ನು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಜಾಲಾಡಿದರು. ಭೂಮಿಯ ಕಾಂತಕ್ಷೇತ್ರ ಕದಡಿದ ದಿನಗಳಲ್ಲಿ ದಾರಿ ತಪ್ಪಿದ ಹಕ್ಕಿಗಳು ಹೆಚ್ಚು ಎಂದು 2023ರಲ್ಲಿ ಅವರು ವರದಿ ಮಾಡಿದರು. ರಾತ್ರಿ ಹಾರುವ ಹಕ್ಕಿಗಳು ನಕ್ಷತ್ರಗಳ ಜೊತೆಗೆ ಭೂಮಿಯ ಕಾಂತವನ್ನೂ ಓದುತ್ತವೆ. ಬಕಗಳಲ್ಲೂ ಹಲವು ರಾತ್ರಿಯೇ ಪ್ರಯಾಣ ಮಾಡುತ್ತವೆ.

ಕಾಡಿನೊಳಗಿನ ಬಕ

ಧಾರವಾಡಕ್ಕೆ ಹತ್ತಿರದಲ್ಲೇ ನಿಜವಾಗಿ ವಲಸೆ ಹೋಗುವ, ನಿಜವಾಗಿ ಅಪರೂಪದ ಸಣ್ಣ ಬಕವೊಂದಿದೆ. ಇದರ ಮನೆ ಕೆರೆಯಲ್ಲಿಲ್ಲ, ಕಾಡಿನಲ್ಲಿದೆ. ಮಲಯನ್ ನೈಟ್ ಹೆರಾನ್ ಎಂದು ಪುಸ್ತಕಗಳು ಕರೆಯುವ ಮಲಯ ಇರುಳುಬಕ. ಸಿಂಗಪುರದ ಸ್ಥಾಪಕನೆಂದು ಹೆಸರಾದ ಸ್ಟಾಮ್‌ಫರ್ಡ್ ರಾಫಲ್ಸ್ 1822ರಲ್ಲಿ ಸುಮಾತ್ರಾದ ಹಕ್ಕಿಯನ್ನು ನೋಡಿ ಇದನ್ನು ವಿವರಿಸಿದ. ಕೊಳಬಕಕ್ಕಿಂತ ತುಸು ದಪ್ಪ ಮೈ, ಗಿಡ್ಡ ದಪ್ಪ ಕೊಕ್ಕು, ಇಟ್ಟಿಗೆಗೆಂಪು ಕುತ್ತಿಗೆ, ಕಪ್ಪು ನೆತ್ತಿಜುಟ್ಟು. ಎಳೆಯದಾದರೆ ಬೂದುಮೈ ಮೇಲೆಲ್ಲ ಬಿಳಿ ಚುಕ್ಕೆ.

ನೀರಿನಲ್ಲಿ ಕಾಲಿಟ್ಟು ಮೀನು ಕಾಯುವ ಅಭ್ಯಾಸ ಇದಕ್ಕೆ ಅಷ್ಟಾಗಿ ಇಲ್ಲ. ದಟ್ಟ ನೆರಳಿನಲ್ಲಿ, ತರಗೆಲೆ ಕೊಳೆತ ಒದ್ದೆ ನೆಲದಲ್ಲಿ ಎರೆಹುಳು, ಬಸವನಹುಳು, ಕಪ್ಪೆ ಹುಡುಕುತ್ತ ನಡೆಯುತ್ತದೆ. ಎರೆಹುಳು ಮೇಲಕ್ಕೆ ಬರುವುದು ಮಳೆ ಬಿದ್ದ ಮೇಲೆ. ಹಾಗಾಗಿ ಇದರ ಪಂಚಾಂಗವೂ ಮುಂಗಾರಿನದೇ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಗೋವಾ, ಉತ್ತರ ಕನ್ನಡ, ಕೊಡಗು, ವಯನಾಡು ಸೀಮೆಯ ಪಶ್ಚಿಮ ಘಟ್ಟದಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದೆ. ಚಳಿಗಾಲಕ್ಕೆ ಶ್ರೀಲಂಕಾ ಸೇರುತ್ತದೆ. ಮಿರಗ ಮಳೆ ಹಿಡಿಯುವ ಹೊತ್ತಿಗೆ, ಸಂಜೆ ಕತ್ತಲಾದ ಮೇಲೆ ಮರದ ಮೇಲಿಂದ ಒಂದೇ ಸಮನೆ ಹೊರಡುವ ಗಂಭೀರವಾದ ‘ಊ… ಊ…’ ಧ್ವನಿಯನ್ನು ಗೂಬೆಯದೆಂದು ತಿಳಿದು ಮಲಗುವವರೇ ಬಹಳ.

ಈ ಹಕ್ಕಿಯ ಪ್ರಯಾಣ ಗಮನಿಸಿ. ವರ್ಷಕ್ಕೆರಡು ಸಲ, ರಾತ್ರಿ, ಗಟ್ಟಿ ಕಾಡಿನಿಂದ ಗಟ್ಟಿ ಕಾಡಿಗೆ, ನಡುವೆ ಬಯಲು, ಊರು, ವಿದ್ಯುದ್ದೀಪಗಳನ್ನು ದಾಟಿ ಹೋಗಬೇಕು. ದಣಿದದ್ದೋ ದೀಪಕ್ಕೆ ಕಣ್ಣು ಕೋರೈಸಿದ್ದೋ ಬೆಳಗಾಗುವಷ್ಟರಲ್ಲಿ ಹಿತ್ತಲಿನಲ್ಲಿ, ಕಾಲೇಜಿನ ತೋಟದಲ್ಲಿ, ಕಾಂಪೌಂಡಿನ ಮೂಲೆಯಲ್ಲಿ ಇಳಿದರೆ ಅದೇ ಆ ಊರಿಗೆ ಆಗಂತುಕ ಹಕ್ಕಿ. ಗಾಬರಿಗೊಂಡರೆ ಓಡುವುದಿಲ್ಲ, ಕುತ್ತಿಗೆ ಮೇಲಕ್ಕೆ ನೀಡಿ ಮರದ ಕೊರಡಿನ ಹಾಗೆ ನಿಂತುಬಿಡುತ್ತದೆ. ಕಾಯಿಲೆ ಬಿದ್ದಿದೆ ಎಂದು ಜನ ಹಿಡಿದು ಬುಟ್ಟಿ ಮುಚ್ಚುವುದಕ್ಕೆ ಈ ಗುಣವೇ ಕಾರಣ. ನಾಯಿ ಬೆಕ್ಕುಗಳನ್ನು ದೂರವಿಟ್ಟು ಸಂಜೆಯವರೆಗೆ ಅದರ ಪಾಡಿಗೆ ಬಿಟ್ಟರೆ ಆರೋಗ್ಯವಿರುವ ಹಕ್ಕಿ ಕತ್ತಲಾದ ಮೇಲೆ ತಾನೇ ಹೊರಡುತ್ತದೆ. ಗಾಯ ಕಂಡರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಬೇಕು.

ಧಾರವಾಡ ಇಂಥ ಹಕ್ಕಿಗೆ ದೂರದ ಊರಲ್ಲ. ನಗರ ನಿಂತಿರುವುದೇ ಜಲವಿಭಜಕದ ಮೇಲೆ. ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿ-ಗಂಗಾವಳಿಯಾಗಿ ಪಡುವಣ ಕಡಲಿಗೆ ಹೋದರೆ, ಪೂರ್ವದ ಎರೆಹೊಲಗಳ ಮಳೆನೀರು ಬೆಣ್ಣಿಹಳ್ಳ, ಮಲಪ್ರಭೆ ಹಿಡಿದು ಕೃಷ್ಣೆ ಸೇರುತ್ತದೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ ದಾಟುತ್ತಿದ್ದಂತೆ ಹಳಿಯಾಳ, ದಾಂಡೇಲಿಯ ಕಾಡು. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದ ಕಡೆ ಕಣ್ಣು ಹಾಯುವಷ್ಟು ದೂರ ಮರವಿಲ್ಲದ ಬಯಲು. ಮಲೆನಾಡಿನ ಹಕ್ಕಿಗೆ ಇದು ಕೊನೆಯ ನಿಲ್ದಾಣ, ಬಯಲುಸೀಮೆಯ ಹಕ್ಕಿಗೆ ಪಶ್ಚಿಮದ ಗಡಿ. ಕರ್ನಾಟಕ ವಿಶ್ವವಿದ್ಯಾಲಯದ, ಕೃಷಿ ವಿಶ್ವವಿದ್ಯಾಲಯದ ಹಳೆಯ ಮರಗಳ ಆವರಣಗಳು ಈ ಗಡಿಯಲ್ಲಿಯೇ ಇವೆ. ಎರಡೂ ಕಡೆಯ ಹಕ್ಕಿ ದಾರಿ ತಪ್ಪಿದಾಗ ಇಳಿಯಲು ತಕ್ಕ ಜಾಗಗಳು ಅವು.

ಅಪರೂಪದ ಈ ಕಾಡುಬಕ ಮನುಷ್ಯರ ನಡುವೆ ಬಾಳಲಾರದು ಎಂದುಕೊಳ್ಳುವಂತಿಲ್ಲ. ತೈವಾನಿನಲ್ಲಿ ಇದೇ ಜಾತಿ ನಗರದ ಉದ್ಯಾನಗಳಲ್ಲಿ, ಶಾಲೆಗಳ ಅಂಗಳದಲ್ಲಿ ಓಡಾಡುತ್ತದೆ, ರಸ್ತೆಬದಿಯ ಮರಗಳಲ್ಲಿ ಗೂಡು ಕಟ್ಟುತ್ತದೆ. ಅಲ್ಲಿನ ಉದ್ಯಾನಗಳ ಒದ್ದೆ ಹುಲ್ಲುಹಾಸು, ಅದರಡಿಯ ಎರೆಹುಳು ಅದಕ್ಕೆ ಸಾಕಾಗಿವೆ.

ಜೊಂಡಿನಲ್ಲಿ ಅಡಗಿದವರು

ಜೊಂಡಿನಲ್ಲಿ ಬಾಳುವ ಗುಪ್ಪಿ (ಬಿಟರ್ನ್) ಎಂಬ ಬಕಗಳ ಕಥೆ ಬೇರೆ. ಹಳದಿ ಗುಪ್ಪಿ, ಕೆಂಪು ಗುಪ್ಪಿಗಳು ಕೊಳಬಕಕ್ಕಿಂತಲೂ ಚಿಕ್ಕವು, ಕಪ್ಪು ಗುಪ್ಪಿ ತುಸು ದೊಡ್ಡದು. ಮಳೆಗಾಲದಲ್ಲಿ ಭತ್ತದ ಗದ್ದೆ ತುಂಬಿ, ಕೆರೆಯಂಚಿನ ಆಪು, ಜೊಂಡು ಆಳೆತ್ತರ ಬೆಳೆದಾಗ ಅವು ಬರುತ್ತವೆ. ನೀರು ಇಳಿದಾಗ ಎಲ್ಲಿಗೋ ಹೊರಟುಹೋಗುತ್ತವೆ. ಅಪಾಯ ಕಂಡರೆ ಕೊಕ್ಕನ್ನು ಆಕಾಶಕ್ಕೆ ಎತ್ತಿ, ಮೈಯನ್ನು ಕಡ್ಡಿಯಷ್ಟು ತೆಳ್ಳಗೆ ಮಾಡಿ, ಗಾಳಿಗೆ ಜೊಂಡು ತೂಗಿದಂತೆ ತಾವೂ ತೂಗುತ್ತವೆ. ಹತ್ತು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಗುಪ್ಪಿಗಳು ಹುಬ್ಬಳ್ಳಿ-ಧಾರವಾಡದ ಸುತ್ತ ಅಪರೂಪವೆನಿಸುವುದಕ್ಕೆ ಅರ್ಧ ಕಾರಣ ಈ ಅಡಗುವ ಕಲೆ, ಇನ್ನರ್ಧ ನಾವು ಜೊಂಡನ್ನು ಕಸವೆಂದು ಕಿತ್ತುಹಾಕುವುದು.

ಅತಿಥಿಯಾಗಿ ಬಂದು ಮನೆಯವನಾದದ್ದು

ದಾರಿ ತಪ್ಪಿದ ಹಕ್ಕಿಗೆ ಭವಿಷ್ಯವಿಲ್ಲ ಎನ್ನುವುದು ಬಹುಪಾಲು ನಿಜ. ಜೊತೆ ಸಿಗುವುದಿಲ್ಲ, ಮರಳಿ ಹೋಗುವ ದಾರಿ ತಿಳಿಯುವುದಿಲ್ಲ, ಒಂದು ಚಳಿಗಾಲದಲ್ಲೇ ಕಥೆ ಮುಗಿಯುತ್ತದೆ. ಆದರೆ ಜಗತ್ತಿನ ಹಕ್ಕಿಗಳ ನಕ್ಷೆಯನ್ನೇ ಬದಲಿಸಿದ ಆಗಂತುಕ ಹುಟ್ಟಿದ್ದೂ ಬಕಗಳ ಕುಟುಂಬದಲ್ಲಿಯೇ. ಅದು ರಂಟೆ ಹೊಡೆಯುವ ಎತ್ತಿನ ಹಿಂದೆ, ಈಗ ಟ್ರ್ಯಾಕ್ಟರ್ ಹಿಂದೆ ಸಾಲಾಗಿ ನಡೆಯುವ ಗೋವಕ್ಕಿ.

ನಮ್ಮ ಗೋವಕ್ಕಿಯ ಆಫ್ರಿಕಾದ ಸೋದರ 19ನೆಯ ಶತಮಾನದ ಕೊನೆಯಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿ ತಲುಪಿತು. ಯಾರೂ ಒಯ್ದು ಬಿಟ್ಟದ್ದಲ್ಲ. ಮೊದಮೊದಲು ಅಲ್ಲೊಂದು ಇಲ್ಲೊಂದು ಅಪರೂಪದ ಹಕ್ಕಿ. ಕಾಡು ಕಡಿದು ದನ ಮೇಯುವ ಹುಲ್ಲುಗಾವಲು ಹರಡಿದ ಹಾಗೆ ಅದೂ ಹರಡಿತು. 1940ರ ದಶಕದ ಆರಂಭದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಂಡುಬಂತು. 1953ರಲ್ಲಿ ಫ್ಲಾರಿಡಾದಲ್ಲಿ ಗೂಡು ಕಟ್ಟಿತು. ಇತ್ತ ಏಷ್ಯಾದ ಗೋವಕ್ಕಿ ಪೂರ್ವಕ್ಕೆ ಸಾಗಿ 1940ರ ದಶಕದಲ್ಲಿ ಉತ್ತರ ಆಸ್ಟ್ರೇಲಿಯ, 1960ರ ದಶಕದಲ್ಲಿ ನ್ಯೂಜಿಲೆಂಡ್ ತಲುಪಿತು. ಎಲ್ಲೆಲ್ಲಿ ಮೊದಲ ಒಂಟಿ ಹಕ್ಕಿಯನ್ನು ಯಾರೋ ತಾರೀಖಿನೊಂದಿಗೆ ಬರೆದಿಟ್ಟರೋ ಅಲ್ಲಲ್ಲಿ ಮಾತ್ರ ಈ ಪಯಣದ ಹೆಜ್ಜೆಗಳು ಇಂದು ಓದಲು ಸಿಗುತ್ತವೆ.

ಸುಳ್ಳು ದಾಖಲೆಯ ಪಾಠ

ಬರೆದಿಡುವುದು ಎಂದರೆ ಏನನ್ನಾದರೂ ಬರೆಯುವುದಲ್ಲ. ರಿಚರ್ಡ್ ಮೈನರ್ಟ್‌ಝಾಗನ್ ಎಂಬ ಬ್ರಿಟಿಷ್ ಕರ್ನಲ್ ಒಂದು ಕಾಲಕ್ಕೆ ಭಾರತದ ಹಕ್ಕಿಗಳ ದೊಡ್ಡ ಪಂಡಿತನೆಂದು ಹೆಸರಾದವನು. 1967ರಲ್ಲಿ ಅವನು ತೀರಿಕೊಂಡ ಮೇಲೆ, 1990ರ ದಶಕದಲ್ಲಿ ಸಂಗ್ರಹಗಳನ್ನು ಪರೀಕ್ಷಿಸಿದಾಗ, ಇತರರು ತಂದ ಹಕ್ಕಿಗಳ ಚರ್ಮಗಳನ್ನು ಕದ್ದು, ಊರು-ತಾರೀಖು ಬದಲಿಸಿ ತನ್ನವೆಂದು ತೋರಿಸಿದ್ದು ಬಯಲಾಯಿತು. ಕಾಡುಗೂಬೆಯನ್ನು 1914ರಲ್ಲಿ ಗುಜರಾತಿನಲ್ಲಿ ಹೊಡೆದೆ ಎಂಬ ಅವನ ದಾಖಲೆ ಹಾಗೆ ಹುಟ್ಟಿದ್ದು. ಆ ಹಕ್ಕಿ ನಿಜವಾಗಿ 1880ರ ದಶಕದಲ್ಲಿ ಖಾನದೇಶದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದ್ದು. ಸುಳ್ಳನ್ನು ಬದಿಗಿಟ್ಟು ನಿಜವಾದ ಜಾಗದ ಆಸುಪಾಸಿನಲ್ಲಿ ಹುಡುಕಿದಾಗ, 1997ರಲ್ಲಿ, ಅಳಿದೇಹೋಯಿತೆಂದು ತಿಳಿದಿದ್ದ ಆ ಗೂಬೆ ಮಹಾರಾಷ್ಟ್ರದಲ್ಲಿ ಮತ್ತೆ ಸಿಕ್ಕಿತು. ಡೇವಿಡ್‌ಸನ್ ನಮಗೆ ಪರಕೀಯನಲ್ಲ. ಮುಂದೆ ಕಾರವಾರದಲ್ಲಿ ಕಲೆಕ್ಟರ್ ಆಗಿದ್ದ ಅವನು ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದಾನೆ.

ಇಂದು ಬಂದೂಕು ಬೇಕಿಲ್ಲ. ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರವಾದರೂ ಸರಿ: ಬೆನ್ನಿನ ಬಣ್ಣ, ಕುತ್ತಿಗೆಯ ಬಣ್ಣ, ಸಾಧ್ಯವಾದರೆ ಹಾರುವ ರೆಕ್ಕೆ. ಜೊತೆಗೆ ತಾರೀಖು, ಹೊತ್ತು, ಜಾಗ, ಪಕ್ಕದಲ್ಲಿದ್ದ ಮಾಮೂಲಿ ಕೊಳಬಕಕ್ಕೆ ಹೋಲಿಸಿದ ಎರಡು ಸಾಲು. ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದರೆ ಊರಿನ ವಾಡಿಕೆಗೆ ಹೊರತಾದ ಹಕ್ಕಿಯನ್ನು ಪರಿಶೀಲಕರು ನೋಡಿ ಪ್ರಶ್ನೆ ಕೇಳುತ್ತಾರೆ. ಅದನ್ನು ಅವಮಾನ ಎಂದುಕೊಳ್ಳಬಾರದು. ಭಾರತದ 942 ಜಾತಿ ಹಕ್ಕಿಗಳ ಸ್ಥಿತಿಗತಿ ಅಳೆದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನಿಂತಿರುವುದು ಹೀಗೆ ಸಾಮಾನ್ಯ ಜನ ಬರೆದು, ಪರಿಶೀಲನೆಗೊಳಪಟ್ಟ ಸುಮಾರು 3 ಕೋಟಿ ವೀಕ್ಷಣೆಗಳ ಮೇಲೆ.

ಕೆಸರಂಚು ಉಳಿದರೆ

ಧಾರವಾಡ ಜಿಲ್ಲೆಯ ಸಣ್ಣ ನೀರಾವರಿ ಕೆರೆಗಳು ನೀರುಹಕ್ಕಿಗಳಿಗೆ ತಂಗುದಾಣ ಎಂದು ಇಲ್ಲಿನ ಪ್ರಾಣಿಶಾಸ್ತ್ರಜ್ಞ ಡಾ. ಜೆ.ಸಿ. ಉತ್ತಂಗಿ ಎರಡು ದಶಕಗಳಿಗೂ ಹಿಂದೆಯೇ ಬರೆದಿದ್ದರು. 2024ರಲ್ಲಿ ಮಾಗಡಿ ಕೆರೆಗೆ ರಾಮ್ಸರ್ ಮನ್ನಣೆ ಬಂದಾಗ ಈ ಭಾಗದ ಒಂದು ಕೆರೆ ಜಗತ್ತಿನ ಪಟ್ಟಿ ಸೇರಿತು. ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಮೊದಲೇ ಪಕ್ಷಿಧಾಮ. ಆದರೆ ದಾರಿ ತಪ್ಪಿದ ಹಕ್ಕಿ ಬೋರ್ಡು ನೋಡಿ ಇಳಿಯುವುದಿಲ್ಲ. ದಣಿದಾಗ ಕೆಳಗೆ ಹೊಳೆದ ನೀರಿಗೆ ಇಳಿಯುತ್ತದೆ. ಆ ನೀರು ಹೆಸರಿಲ್ಲದ ಊರಕೆರೆಯದೂ ಆಗಿರಬಹುದು.

ಇಳಿದ ಮೇಲೆ ಅದಕ್ಕೆ ಬೇಕಾದದ್ದು ಒಂದು ಗೇಣಿಗಿಂತ ಕಡಿಮೆ ನೀರು, ಕಾಲೂರಲು ಕೆಸರು, ಮರೆಗೆ ಜೊಂಡು. ಸಣ್ಣ ಬಕದ ಕಾಲು ಗಿಡ್ಡ, ಆಳಕ್ಕೆ ಇಳಿಯಲಾರದು. ಕೆರೆಯ ಸುಂದರೀಕರಣ ಎಂದಾಗ ನಾವು ಮೊದಲು ತೆಗೆಯುವುದು ಇದೇ ಅಂಚನ್ನು. ಸುತ್ತ ಕಲ್ಲಿನ ಪಿಚ್ಚಿಂಗ್, ಅದರ ಮೇಲೆ ನಡಿಗೆಪಥ, ನಡುವೆ ಕಾರಂಜಿ, ರಾತ್ರಿಯಿಡೀ ದೀಪ. ನೀರು ಕಲ್ಲಿನ ಗೋಡೆಗೆ ನೇರವಾಗಿ ತಾಗಿದರೆ ನಿಲ್ಲಲು ಜಾಗವೇ ಇಲ್ಲ. ಇನ್ನೊಂದು ಕಡೆ ಒಳಚರಂಡಿ ನೀರು ಸೇರಿ ಜಲಕಳೆ ಹಬ್ಬಿದ ಕೆರೆ. ಅದರ ಮೇಲೆ ಕೊಳಬಕ ಹೇಗೋ ಬದುಕೀತು, ಜೊಂಡನ್ನು ನಂಬಿದ ಗುಪ್ಪಿಗೆ ಅಲ್ಲಿ ಜಾಗವಿಲ್ಲ. ನಡೆಯುವವರಿಗೆ ದಾರಿಯೂ ಬೇಕು, ಸರಿ. ಮೂರು ಬದಿಗೆ ಕಲ್ಲು ಹಾಕಿ, ನೀರು ಒಳಬರುವ ನಾಲ್ಕನೆಯ ಬದಿಯನ್ನು ಇಳಿಜಾರಾಗಿ, ಜೊಂಡಿನ ಸಮೇತ, ದೀಪವಿಲ್ಲದೆ ಬಿಡುವುದಕ್ಕೆ ಹೆಚ್ಚಿನ ಹಣವೇನೂ ಬೇಕಿಲ್ಲ.

ಇನ್ನೊಂದು ಬದಲಾವಣೆ ಹಕ್ಕಿ ನೋಡುವವರೇ ಮಾಡಿಕೊಳ್ಳಬಹುದಾದದ್ದು. ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುವುದು ಜನವರಿಯಲ್ಲಿ. ಹಿತ್ತಲ ಹಕ್ಕಿಗಳ ಎಣಿಕೆ, ಕಾಲೇಜು ಆವರಣಗಳ ಎಣಿಕೆ ಫೆಬ್ರುವರಿಯಲ್ಲಿ. ವಲಸೆ ಬಾತುಗಳಿಗೆ ಅದೇ ಸರಿಯಾದ ಕಾಲ. ಕೊಳಬಕಗಳ ಮಟ್ಟಿಗೆ ಮಾತ್ರ ನಾಲ್ಕೂ ಜಾತಿ ಒಂದೇ ವೇಷದಲ್ಲಿರುವ ತಿಂಗಳುಗಳವು. ಬಣ್ಣ ಬರುವ ಹೊತ್ತಿಗೆ ಬಾತುಗಳು ಹೊರಟುಹೋಗಿ, ಕೆರೆ ಅರ್ಧ ಒಣಗಿ, ಬೈನಾಕ್ಯುಲರ್‌ಗಳು ದಾಂಡೇಲಿಯ ಮಂಗಟ್ಟೆ ಹಕ್ಕಿಗಳ ಕಡೆ ತಿರುಗಿರುತ್ತವೆ.

ಮೇ ತಿಂಗಳ ಎರಡನೇ ಶನಿವಾರದ ಸುಮಾರಿಗೆ ಜಗತ್ತಿನಾದ್ಯಂತ ಹಕ್ಕಿ ವೀಕ್ಷಕರು ಒಂದೇ ದಿನ ಪಟ್ಟಿ ಮಾಡುವ ‘ಗ್ಲೋಬಲ್ ಬಿಗ್ ಡೇ’ ಬರುತ್ತದೆ. ಆ ದಿನ ಅವಳಿನಗರದ ನಾಲ್ಕಾರು ಜನ ಕಾಡಿನ ದಾರಿ ಹಿಡಿಯುವ ಮೊದಲು ಉಣಕಲ್, ಕೆಲಗೇರಿ, ನೀರಸಾಗರದ ಅಂಚಿಗೆ ಹೋಗಿ ಒಂದೊಂದೇ ಕೊಳಬಕದ ಬೆನ್ನು, ಕುತ್ತಿಗೆ ನೋಡಿ ಬರೆದರೆ ಸಾಕು. ಐವತ್ತು ಹಕ್ಕಿ ನೋಡಿ ಐವತ್ತೂ ಸೈಕ್ಸ್ ಹೆಸರಿಟ್ಟ ಊರಿನ ಹಕ್ಕಿಗಳೇ ಆದರೂ ಶ್ರಮ ವ್ಯರ್ಥವಲ್ಲ. ಯಾವ ವರ್ಷದವರೆಗೆ ಇಲ್ಲಿ ಆಗಂತುಕ ಇರಲಿಲ್ಲ ಎಂದು ಹೇಳಬಲ್ಲ ಊರು ಮಾತ್ರ ಯಾವ ವರ್ಷ ಬಂತು ಎಂದೂ ಹೇಳಬಲ್ಲದು.